ಅಳಿಸಬಲ್ಲ ಕಡತ, ಅಳಿಯದ ಶಾಸನ: ಬ್ರೌಸರ್ ನೋಟ್‌ಬುಕ್ಕಿನ ಚರಿತ್ರೆ ಮತ್ತು ತೆರಕಣಾಂಬಿಯ ಪಠ್ಯಗಳ ಎಣಿಕೆ

ಸಾರಾಂಶ

ಗಣಿತ ತಂತ್ರಾಂಶಗಳನ್ನು ಬ್ರೌಸರಿನ ಮೂಲಕ ಚಲಾಯಿಸುವ ನೋಟ್‌ಬುಕ್ ಎಂಬ ಸಾಧನವು ಕಳೆದ ಎರಡು ದಶಕಗಳಲ್ಲಿ ಭಾಷಾವಿಜ್ಞಾನದ ಸಂಶೋಧನೆಯನ್ನೂ ಪ್ರವೇಶಿಸಿದೆ. ಪ್ರಸ್ತುತ ಲೇಖನವು ಈ ಸಾಧನದ ಚರಿತ್ರೆಯನ್ನು ಕನ್ನಡದ ಎರಡು ಹಳೆಯ ಬರೆಹದ ಪದ್ಧತಿಗಳ, ಎಂದರೆ ಅಳಿಸಿ ಬರೆಯುವ ಕಡತ ಹಾಗೂ ಕಲ್ಲಿನಲ್ಲಿ ಕಂಡರಿಸಿದ ಶಾಸನಗಳ, ಹಿನ್ನೆಲೆಯಲ್ಲಿ ನೋಡುತ್ತದೆ. ಗುಂಡ್ಲುಪೇಟೆ ತಾಲೂಕಿನ ತೆರಕಣಾಂಬಿಯ ಶಾಸನಪಠ್ಯಗಳನ್ನು ಸಂದರ್ಭವಾಗಿಟ್ಟುಕೊಂಡು, ಕನ್ನಡ ಪಠ್ಯದ ಎಣಿಕೆಯು ಕಲ್ಲು, ಸಂಪಾದಕ, ಸಂಕೇತ ಮತ್ತು ತಂತ್ರಾಂಶದ ಆವೃತ್ತಿ ಎಂಬ ನಾಲ್ಕು ಸ್ತರಗಳನ್ನು ಅವಲಂಬಿಸಿದೆಯೆಂದು ತೋರಿಸುತ್ತದೆ. ನೋಟ್‌ಬುಕ್ಕನ್ನು ಚಲಾಯಿಸುವುದು ಒಂದು ಬಗೆಯ ಪಠ್ಯ ಸಂಪಾದನೆಯೇ ಆಗಿದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ನೋಟ್‌ಬುಕ್, ಸೇಜ್, ಜುಪಿಟರ್, ಕಡತ, ಶಾಸನ ಭಾಷೆ, ಯೂನಿಕೋಡ್, ತೆರಕಣಾಂಬಿ

1. ಪೀಠಿಕೆ

ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಇರುವ ತೆರಕಣಾಂಬಿಯು ಇಂದು ಹೋಬಳಿ ಕೇಂದ್ರವಾದ ಒಂದು ಊರು. ವಿಜಯನಗರದ ಕಾಲದಲ್ಲಿ ಅದು ಒಂದು ಸೀಮೆಯ ಮುಖ್ಯಸ್ಥಳವಾಗಿತ್ತು. ಉಮ್ಮತ್ತೂರಿನ ಪಾಳೆಯಗಾರರ ಚರಿತ್ರೆಯಲ್ಲಿಯೂ, ಅನಂತರ ಮೈಸೂರು ಒಡೆಯರ ಚರಿತ್ರೆಯಲ್ಲಿಯೂ ಅದರ ಹೆಸರು ಬರುತ್ತದೆ. ಊರಿನ ಹೆಸರಿನ ಸಂಸ್ಕೃತ ರೂಪ ತ್ರಿಕದಂಬಪುರವೆಂದು ಹೇಳುವುದುಂಟು. ಈ ಊರಿನ ಹಾಗೂ ಸುತ್ತಲಿನ ಹಳ್ಳಿಗಳ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆ ತಾಲೂಕು 1974ರ ಮೂರನೆಯ ಸಂಪುಟಕ್ಕೆ ಸೇರಿತು.

ಇಂತಹ ಪಠ್ಯಗಳನ್ನು ಇಂದು ಸಂಶೋಧಕರು ಪುಸ್ತಕದಿಂದ ಕಂಪ್ಯೂಟರಿಗೆ ಇಳಿಸಿಕೊಂಡು, ಬ್ರೌಸರಿನಲ್ಲಿ ತೆರೆದ ನೋಟ್‌ಬುಕ್ಕಿನಲ್ಲಿ ಎಣಿಸುತ್ತಾರೆ. ಒಂದು ಕೋಶದಲ್ಲಿ ಆದೇಶ ಬರೆದು ಚಲಾಯಿಸಿದರೆ ಅದರ ಕೆಳಗೆ ಪಟ್ಟಿಯೋ ನಕ್ಷೆಯೋ ಮೂಡುತ್ತದೆ. ಮುಂದಿನ ಕೋಶದಲ್ಲಿ ವಿವರಣೆಯ ಗದ್ಯ. ಪ್ರಬಂಧ, ಲೆಕ್ಕ ಮತ್ತು ಫಲಿತ ಒಂದೇ ಪುಟದಲ್ಲಿ ಕೂಡಿರುವುದರಿಂದ ಓದುಗನಿಗೆ ಅದು ಪೂರ್ಣಗೊಂಡ ದಾಖಲೆಯಂತೆ ಕಾಣುತ್ತದೆ. ಆ ಕಾಣ್ಕೆ ಎಷ್ಟರ ಮಟ್ಟಿಗೆ ನಿಜ? ಇದೇ ಲೇಖನದ ಪ್ರಶ್ನೆ. ಕನ್ನಡದ ಧ್ವನಿ ಬದಲಾವಣೆಗಳನ್ನು ಕುರಿತ ಹಲವು ತೀರ್ಮಾನಗಳು ಕೊನೆಗೂ ನಿಂತಿರುವುದು ಶಾಸನಗಳ ಎಣಿಕೆಯ ಮೇಲೆ. ಆದುದರಿಂದ ಪ್ರಶ್ನೆಯು ಕೇವಲ ತಾಂತ್ರಿಕವಲ್ಲ.

2. ಕಡತ ಮತ್ತು ಲೆಕ್ಕದ ಬರೆಹ

ಕನ್ನಡ ನಾಡಿನಲ್ಲಿ ಲೆಕ್ಕ ಬರೆಯಲು ಬಳಕೆಯಲ್ಲಿದ್ದ ಸಾಮಗ್ರಿಗಳಲ್ಲಿ ಕಡತವು ಪ್ರಮುಖವಾದುದು. ಉದ್ದನೆಯ ಬಟ್ಟೆಗೆ ಅಂಟು ಮತ್ತು ಇದ್ದಿಲಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಮಾರ್ಕ್ ವಿಲ್ಕ್ಸ್ ತನ್ನ ದಕ್ಷಿಣ ಭಾರತದ ಚರಿತ್ರೆಯ 1810ರ ಮೊದಲ ಸಂಪುಟದಲ್ಲಿ ಕಡತವನ್ನು ವರ್ಣಿಸಿದ್ದಾನೆ. ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಬಟ್ಟೆಗಳನ್ನು ಅವನು ಹೇಳುತ್ತಾನೆ. ಶಾನುಭೋಗರ ಕಂದಾಯದ ಲೆಕ್ಕ, ವ್ಯಾಪಾರಿಗಳ ಕೊಡು-ಕೊಳೆ, ಮಠಗಳ ಆಯ-ವ್ಯಯ ಇವೆಲ್ಲ ಕಡತದಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರಗಳಾಗಿವೆ.

ಕಡತದ ಮುಖ್ಯ ಗುಣವೆಂದರೆ ಅದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಲೆಕ್ಕ ಬದಲಾದರೆ ಹಳೆಯದು ಅಳಿದು ಹೊಸದು ಅದೇ ಜಾಗದಲ್ಲಿ ಬರುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ, ದಾನದ ಗಡಿ, ಗದ್ದೆಯ ಅಳತೆ, ತೆರಿಗೆಯ ಮಾನ್ಯ ಇವು ನಿಲ್ಲಬೇಕೆಂದಾಗ ಶಿಲೆಗೂ ತಾಮ್ರಕ್ಕೂ ಹೋದವು. ಶಾಸನದ ಕೊನೆಯಲ್ಲಿ ಹಲವು ವೇಳೆ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಇರುತ್ತಿದ್ದವು. ಪಠ್ಯಕ್ಕೆ ಯಾರು ಹೊಣೆ ಎಂಬುದು ಪಠ್ಯದ ಭಾಗವೇ ಆಗಿತ್ತು. ‘ಕಡತ’ ಎಂಬ ಪದವು ಮುಂದೆ ಕಚೇರಿಯ ಫೈಲಿಗೆ, ಈಗ ಕಂಪ್ಯೂಟರಿನ ಫೈಲಿಗೆ ಸಂದಿದೆ. ಈ ಅರ್ಥವಿಸ್ತರಣೆಯಲ್ಲಿ ಬಟ್ಟೆ ಹೋಯಿತು, ಬಳಪ ಹೋಯಿತು. ಅಳಿಸಿ ಬರೆಯುವ ಗುಣ ಮಾತ್ರ ಉಳಿಯಿತು.

ಗಣಿತವನ್ನು ಗದ್ಯ, ಸೂತ್ರ ಮತ್ತು ಉದಾಹರಣೆಗಳನ್ನು ಬೆರೆಸಿ ಬರೆಯುವ ಕ್ರಮವೂ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನ ‘ವ್ಯವಹಾರಗಣಿತ’ದಲ್ಲಿ ಪದ್ಯರೂಪದ ಸೂತ್ರ, ಅದಕ್ಕೆ ಗದ್ಯದ ವಿವರಣೆ, ಬಳಿಕ ಉದಾಹರಣೆ ಎಂಬ ಜೋಡಣೆಯಿದೆ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಸಂಸ್ಕೃತದಲ್ಲಿ ಹಾಕಿಕೊಟ್ಟ ಮಾದರಿಯನ್ನು ರಾಜಾದಿತ್ಯ ಕನ್ನಡಕ್ಕೆ ತಂದನು. ನಿಯಮ, ವಿವರಣೆ, ಪ್ರಯೋಗ ಇವು ಒಂದರ ಪಕ್ಕದಲ್ಲಿ ಒಂದಿದ್ದರೆ ಓದುಗನು ತಾನೇ ಲೆಕ್ಕ ಮಾಡಿ ನೋಡಬಲ್ಲನು. ಇಂದಿನ ನೋಟ್‌ಬುಕ್ ರಾಜಾದಿತ್ಯನಿಂದ ಬಂದುದೆಂದು ನಾವು ಹೇಳುತ್ತಿಲ್ಲ. ಎರಡೂ ಒಂದೇ ಅಗತ್ಯಕ್ಕೆ ಕೊಟ್ಟ ಉತ್ತರಗಳು ಎಂದಷ್ಟೇ ನಮ್ಮ ಅಭಿಪ್ರಾಯ.

3. ಚೀಟಿಗಳ ಕಾಲದ ಶಾಸನ ವ್ಯಾಕರಣ

ರೈಸ್ ಅವರ ಸಂಪುಟಗಳು ಪ್ರತಿ ಶಾಸನವನ್ನು ಮೂರು ರೂಪಗಳಲ್ಲಿ ಕೊಟ್ಟವು: ಇಂಗ್ಲಿಷ್ ಅನುವಾದ, ರೋಮನ್ ಲಿಪ್ಯಂತರ, ಕನ್ನಡ ಲಿಪಿಯ ಪಾಠ. ಒಂದು ರೂಪದಲ್ಲಿ ಸಂದೇಹ ಬಂದರೆ ಇನ್ನೊಂದರಲ್ಲಿ ಹೋಲಿಸಿ ನೋಡಲು ಇದರಿಂದ ಸಾಧ್ಯವಾಯಿತು. ಇಂತಹ ಸಂಪುಟಗಳನ್ನು ಆಧರಿಸಿ ಎ. ಎನ್. ನರಸಿಂಹಯ್ಯ 1941ರಲ್ಲಿ ಅತಿ ಪ್ರಾಚೀನ ಕನ್ನಡ ಶಾಸನಗಳ ವ್ಯಾಕರಣವನ್ನೂ, ಜಿ. ಎಸ್. ಗಾಯಿ 1946ರಲ್ಲಿ ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳ ಮೇಲೆ ನಿಂತ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನೂ ಪ್ರಕಟಿಸಿದರು. 1968ರಲ್ಲಿ ಡೆಕ್ಕನ್ ಕಾಲೇಜಿನ ಮಾಲೆಯಲ್ಲಿ ಬಂದ ಯು. ಪಿ. ಉಪಾಧ್ಯಾಯರ ನಂಜನಗೂಡು ಕನ್ನಡದ ವರ್ಣನೆಯು ತೆರಕಣಾಂಬಿಯ ನೆರೆಯ ಆಡುಮಾತಿಗೆ ಸಂಬಂಧಿಸಿದುದು.

ಈ ಪೀಳಿಗೆಯ ವಿದ್ವಾಂಸರ ಗ್ರಂಥಗಳ ಬಲವು ಉಲ್ಲೇಖಗಳಲ್ಲಿದೆ. ರೂಪವೊಂದನ್ನು ಹೇಳಿದ ಕೂಡಲೇ ಅದು ಬರುವ ಶಾಸನವನ್ನು ಹೇಳುತ್ತಾರೆ. ಓದುಗನು ಸಂಪುಟವನ್ನು ತೆರೆದು ಪರೀಕ್ಷಿಸಬಹುದು. ಆದರೆ ಒಂದು ರೂಪ ಎಷ್ಟು ಸಲ ಬಂದಿದೆ, ಎಷ್ಟು ಸಲ ಬರಬಹುದಾಗಿದ್ದ ಜಾಗದಲ್ಲಿ ಬಂದಿಲ್ಲ ಎಂಬುದನ್ನು ಮತ್ತೊಬ್ಬರು ಪರೀಕ್ಷಿಸಬೇಕಾದರೆ ಎಲ್ಲ ಸಂಪುಟಗಳನ್ನೂ ಮೊದಲಿನಿಂದ ಓದಿ ಚೀಟಿ ಮಾಡಬೇಕಾಗಿತ್ತು. ಉದಾಹರಣೆಗೆ ಗೞ್ದೆ, ಗರ್ದೆ, ಗದ್ದೆ ಎಂಬ ಸರಣಿಯನ್ನು ನೋಡಬಹುದು. ೞಕಾರವು ವ್ಯಂಜನದ ಮುಂದೆ ರೇಫವಾಗಿ, ರೇಫವು ಮುಂದಿನ ವ್ಯಂಜನದಲ್ಲಿ ಲೀನವಾದ ಕ್ರಮ ಇದರಲ್ಲಿ ಕಾಣುತ್ತದೆ. ದಾನಶಾಸನಗಳಲ್ಲಿ ಗದ್ದೆಯ ಮಾತು ಬರದಿರುವುದು ಅಪರೂಪ. ಆದುದರಿಂದ ಯಾವ ಶತಮಾನದಲ್ಲಿ, ಯಾವ ಸೀಮೆಯಲ್ಲಿ ಯಾವ ರೂಪ ಹೆಚ್ಚು ಎಂದು ಎಣಿಸುವುದು ಸಾಧ್ಯ, ಉಪಯುಕ್ತ. ಆ ಎಣಿಕೆಯನ್ನು ಇತರರೂ ಮರಳಿ ಮಾಡಬಲ್ಲಂತೆ ಒಪ್ಪಿಸುವ ಮಾರ್ಗ ಚೀಟಿಗಳ ಕಾಲದಲ್ಲಿ ಇರಲಿಲ್ಲ.

4. ನೋಟ್‌ಬುಕ್ಕಿನ ಹುಟ್ಟು

ಗದ್ಯವನ್ನೂ ಗಣನೆಯನ್ನೂ ಒಂದೇ ಬರೆಹವಾಗಿಸುವ ವಿಚಾರಕ್ಕೆ ಕಂಪ್ಯೂಟರ್ ಲೋಕದಲ್ಲಿ ಸ್ಪಷ್ಟ ರೂಪ ಕೊಟ್ಟವರಲ್ಲಿ ಡೊನಾಲ್ಡ್ ಕ್ನೂತ್ ಮುಖ್ಯರು. 1984ರಲ್ಲಿ ಅವರು ಪ್ರೋಗ್ರಾಮನ್ನು ಯಂತ್ರಕ್ಕಿಂತ ಮೊದಲು ಮನುಷ್ಯ ಓದಬೇಕಾದ ಪ್ರಬಂಧವೆಂದು ಕಾಣುವ ಪದ್ಧತಿಯನ್ನು ಮಂಡಿಸಿದರು. 1988ರಲ್ಲಿ ಹೊರಬಂದ ಮ್ಯಾಥಮ್ಯಾಟಿಕ ತಂತ್ರಾಂಶದಲ್ಲಿ ನೋಟ್‌ಬುಕ್ ಎಂಬ ಹೆಸರಿನ ಇಂಟರ್‌ಫೇಸ್ ಇತ್ತು. ಅದನ್ನು ರೂಪಿಸಿದವರು ಥಿಯೋಡರ್ ಗ್ರೇ. ಲೆಕ್ಕ ಮಾಡುವ ಭಾಗವನ್ನು ಕರ್ನೆಲ್ ಎಂದೂ, ಬರೆದು ಓದುವ ಭಾಗವನ್ನು ಬೇರೆಯಾಗಿಯೂ ಇರಿಸಿದ ಆ ವಿಭಜನೆಯೇ ಮುಂದಿನ ಎಲ್ಲಕ್ಕೂ ಅಡಿಪಾಯವಾಯಿತು. ಆದರೆ ಅದು ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶ. ಅದನ್ನು ಕೊಂಡವರು ಮಾತ್ರ ಅದರಲ್ಲಿ ಬರೆದುದನ್ನು ಪೂರ್ಣವಾಗಿ ಪರೀಕ್ಷಿಸಬಲ್ಲವರಾಗಿದ್ದರು.

2001ರಲ್ಲಿ ಕೊಲೊರಾಡೊ ವಿಶ್ವವಿದ್ಯಾನಿಲಯದ ಭೌತವಿಜ್ಞಾನದ ಸಂಶೋಧನ ವಿದ್ಯಾರ್ಥಿ ಫರ್ನಾಂಡೊ ಪೆರೆಜ್ ಐಪೈಥಾನನ್ನು ಆರಂಭಿಸಿದರು. 2005ರಲ್ಲಿ ಸಂಖ್ಯಾಸಿದ್ಧಾಂತದ ಗಣಿತಜ್ಞ ವಿಲಿಯಂ ಸ್ಟೈನ್ ಸೇಜ್ ಎಂಬ ಮುಕ್ತ ಗಣಿತ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಮ್ಯಾಕ್ಸಿಮ, ಪಾರಿ, ಗ್ಯಾಪ್, ಆರ್ ಮೊದಲಾದ ಈಗಾಗಲೇ ಇದ್ದ ಸಾಧನಗಳನ್ನು ಪೈಥಾನ್ ಭಾಷೆಯ ಸೂತ್ರದಲ್ಲಿ ಪೋಣಿಸುವುದು ಅದರ ಕ್ರಮ. ಮರುವರ್ಷ ಸೇಜ್‌ಗೆ ಬ್ರೌಸರಿನಲ್ಲಿ ತೆರೆಯುವ ನೋಟ್‌ಬುಕ್ ಬಂದಿತು. ಪ್ರತ್ಯೇಕ ಕಿಟಕಿಯ ತಂತ್ರಾಂಶವನ್ನು ಬರೆಯುವ ಬದಲು, ಎಲ್ಲರ ಬಳಿಯೂ ಇರುವ ಬ್ರೌಸರನ್ನೇ ಬರೆಯುವ ಹಲಗೆಯಾಗಿಸಿದ್ದು ಆಗಿನ ಮಟ್ಟಿಗೆ ದೊಡ್ಡ ಹೆಜ್ಜೆ. ಐಪೈಥಾನ್ ನೋಟ್‌ಬುಕ್ 2011ರ ಡಿಸೆಂಬರಿನಲ್ಲಿ 0.12ನೆಯ ಆವೃತ್ತಿಯೊಡನೆ ಹೊರಬಂದಿತು. 2014ರಲ್ಲಿ ಅದರ ಭಾಷಾನಿರಪೇಕ್ಷ ಭಾಗಗಳು ಜುಪಿಟರ್ ಎಂಬ ಹೆಸರಿನಲ್ಲಿ ಬೇರ್ಪಟ್ಟವು. ಜೂಲಿಯ, ಪೈಥಾನ್, ಆರ್ ಎಂಬ ಮೂರು ಗಣಕ ಭಾಷೆಗಳ ಹೆಸರುಗಳನ್ನು ಆ ಹೆಸರು ನೆನಪಿಸುತ್ತದೆ.

5. ಚಲಾಯಿಸುವುದೆಂದರೇನು

ನೋಟ್‌ಬುಕ್ಕನ್ನು ತೆರೆಯುವುದು ಮತ್ತು ಚಲಾಯಿಸುವುದು ಬೇರೆ ಬೇರೆ ಕ್ರಿಯೆಗಳು. ಬ್ರೌಸರ್ ತೋರಿಸುವುದು ಹಾಳೆಯನ್ನು ಮಾತ್ರ. ಹಾಳೆಯನ್ನು ಕೊಡುವ ಸರ್ವರ್ ಒಂದು, ಲೆಕ್ಕ ಮಾಡಿ ಫಲಿತವನ್ನು ಹಿಂದಿರುಗಿಸುವ ಕರ್ನೆಲ್ ಇನ್ನೊಂದು. ಇವೆರಡೂ ಬಳಸುವವರ ಯಂತ್ರದಲ್ಲಿಯೇ ಇರಬಹುದು. ಆಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವುದು ಹೊರಗಿನ ತಾಣವಲ್ಲ, ಅದೇ ಯಂತ್ರದ 8888 ಎಂಬ ದ್ವಾರಸಂಖ್ಯೆ. ವಿಂಡೋಸ್ ಯಂತ್ರಗಳಲ್ಲಿ ಸೇಜ್ ಬಹುಕಾಲ ಯಂತ್ರದೊಳಗಿನ ಕಲ್ಪಿತ ಯಂತ್ರವೊಂದರಲ್ಲಿ ಓಡುತ್ತಿತ್ತು. ಹೊರಗಿನ ಬ್ರೌಸರ್ ಒಳಗಿನ ಸರ್ವರನ್ನು ಮಾತನಾಡಿಸುತ್ತಿತ್ತು. ಒಂದು ವಿಭಾಗದ ಕೊಠಡಿಯಲ್ಲಿ ಒಂದು ಶಕ್ತ ಯಂತ್ರವನ್ನು ಸರ್ವರಾಗಿಸಿ, ಉಳಿದ ಹಳೆಯ ಯಂತ್ರಗಳಿಂದ ಬ್ರೌಸರಿನ ಮೂಲಕ ಅದನ್ನು ಬಳಸುವುದೂ ಸಾಧ್ಯ. ಇಂಟರ್ನೆಟ್ ಸಂಪರ್ಕ ದುರ್ಬಲವಾದ ಊರುಗಳಿಗೆ ಈ ವ್ಯವಸ್ಥೆ ಹೊಂದುತ್ತದೆ. ಒಳಜಾಲ ಸಾಕು, ಹೊರಜಾಲ ಬೇಕಿಲ್ಲ. ಇದನ್ನು ಸುಲಭಗೊಳಿಸಲು ಬಂದ ಜುಪಿಟರ್‌ಹಬ್ ಮತ್ತು 2018ರ ಅದರ ಕಿರು ಆವೃತ್ತಿಗಳು ಪ್ರತಿ ವಿದ್ಯಾರ್ಥಿಗೆ ಪ್ರತ್ಯೇಕ ಕರ್ನೆಲ್ ಕೊಡುತ್ತವೆ. 2021ರಿಂದ ಬೆಳೆದ ಜುಪಿಟರ್‌ಲೈಟ್‌ನಲ್ಲಿ ಕರ್ನೆಲ್ ಕೂಡ ಬ್ರೌಸರಿನೊಳಗೇ ಓಡುತ್ತದೆ.

ಭಾರತದಲ್ಲಿ ಇಂತಹ ಮುಕ್ತ ಸಾಧನಗಳನ್ನು ಕಾಲೇಜುಗಳಿಗೆ ತಲುಪಿಸುವಲ್ಲಿ ಮುಂಬಯಿ ಐಐಟಿಯ ಫಾಸಿ ಯೋಜನೆಯದು ಮುಖ್ಯ ಪಾತ್ರ. ಸೈಲ್ಯಾಬನ್ನು ಬ್ರೌಸರಿನಲ್ಲಿಯೇ ಚಲಾಯಿಸುವ ವ್ಯವಸ್ಥೆಯನ್ನು ಅದು ರೂಪಿಸಿತು. ಅದೇ ಸಂಸ್ಥೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳು ಕನ್ನಡದ ಧ್ವನಿಯಲ್ಲಿಯೂ ದೊರೆಯುತ್ತವೆ. ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ 2021–22ರಿಂದ ಜಾರಿಗೆ ಬಂದ ಪದವಿ ಪಠ್ಯಕ್ರಮವು ಗಣಿತದ ಪ್ರಾಯೋಗಿಕ ತರಗತಿಗಳಲ್ಲಿ ಮ್ಯಾಕ್ಸಿಮ, ಸೈಲ್ಯಾಬ್, ಪೈಥಾನ್, ಆರ್ ಮೊದಲಾದವನ್ನು ಸೂಚಿಸಿತು. ಚಾಮರಾಜನಗರದ ಸ್ನಾತಕೋತ್ತರ ಕೇಂದ್ರವು 2023ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಹೀಗೆ ಶಾಸನವಿರುವ ಸೀಮೆಯಲ್ಲಿಯೇ ಆ ಶಾಸನವನ್ನು ಎಣಿಸುವ ಸಾಧನ ಕಲಿತ ವಿದ್ಯಾರ್ಥಿಗಳು ತಯಾರಾಗುವ ಸ್ಥಿತಿ ಬಂದಿದೆ. ಗಣಿತ ವಿಭಾಗದಲ್ಲಿ ಕಲಿತುದು ಕನ್ನಡ ವಿಭಾಗಕ್ಕೆ ದಾಟಬೇಕಾದ ಅಂತರ ಮಾತ್ರ ಇನ್ನೂ ಉಳಿದಿದೆ.

ಸರ್ವರ್ ಯಾರದೆಂಬ ಪ್ರಶ್ನೆಗೆ ಸೇಜ್‌ನ ಚರಿತ್ರೆಯಲ್ಲಿಯೇ ಪಾಠವಿದೆ. ಸೇಜ್ ಬಳಗವು ನಡೆಸುತ್ತಿದ್ದ ಸಾರ್ವಜನಿಕ ನೋಟ್‌ಬುಕ್ ಸರ್ವರಿನಲ್ಲಿ ಯಾರು ಬೇಕಾದರೂ ಖಾತೆ ತೆರೆದು ವರ್ಕ್‌ಶೀಟು ಬರೆಯಬಹುದಿತ್ತು. ಕೆಲವು ವರ್ಷಗಳಲ್ಲಿ ಅದು ಮುಚ್ಚಿತು. 2013ರಲ್ಲಿ ಸ್ಟೈನ್ ಆರಂಭಿಸಿದ ಹೊಸ ಸೇವೆಯು 2017ರಲ್ಲಿ ಕೋಕ್ಯಾಲ್ಕ್ ಎಂದು ಹೆಸರು ಬದಲಿಸಿಕೊಂಡಿತು. 2020ರ ಜನವರಿಯಲ್ಲಿ ಸೇಜ್ 9.0 ಪೈಥಾನ್ 3ಕ್ಕೆ ಬದಲಾದಾಗ, ಪೈಥಾನ್ 2ರಲ್ಲಿ ಬರೆದಿದ್ದ ಹಳೆಯ ನೋಟ್‌ಬುಕ್ ಹಿಂದೆ ಉಳಿಯಿತು. ಹಳೆಯ ವರ್ಕ್‌ಶೀಟುಗಳನ್ನು ಜುಪಿಟರ್ ರೂಪಕ್ಕೆ ಪರಿವರ್ತಿಸುವ ಸಾಧನವನ್ನು ಸೇಜ್ ಬಳಗವೇ ಒದಗಿಸಿತು. ಆದರೆ ಆ ಸಾಧನವು ಬದಲಿಸುವುದು ಹಾಳೆಯ ರೂಪವನ್ನು. ಹಾಳೆಯಲ್ಲಿರುವ ಆದೇಶಗಳು ಹೊಸ ಪೈಥಾನಿನಲ್ಲಿ ಅದೇ ಉತ್ತರವನ್ನು ಕೊಡುತ್ತವೆಯೆಂಬ ಭರವಸೆಯನ್ನು ಅದು ನೀಡಲಾರದು. ಕನ್ನಡ ಪಠ್ಯದ ಮಟ್ಟಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಮುಂದೆ ನೋಡೋಣ.

6. ಒಂದು ಹೆಸರಿನ ಉದ್ದ

‘ತೆರಕಣಾಂಬಿ’ ಎಂಬ ಪದದ ಉದ್ದವೆಷ್ಟು? ಕನ್ನಡ ಓದುಗರು ತೆ, ರ, ಕ, ಣಾಂ, ಬಿ ಎಂದು ಐದು ಅಕ್ಷರಗಳನ್ನು ಎಣಿಸುತ್ತಾರೆ. ಪೈಥಾನ್ 3ಕ್ಕೆ ಕೇಳಿದರೆ ಉತ್ತರ 9. ತಕಾರ, ಎತ್ವ, ರ, ಕ, ಣ, ಆಕಾರದ ಚಿಹ್ನೆ, ಅನುಸ್ವಾರ, ಬ, ಇಕಾರದ ಚಿಹ್ನೆ ಎಂದು ಯೂನಿಕೋಡ್ ಸಂಕೇತಗಳನ್ನು ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ಪೈಥಾನ್ 2ರಲ್ಲಿ, ಯುಟಿಎಫ್-8 ಸಂಕೇತದಲ್ಲಿದ್ದ ಸಾಮಾನ್ಯ ಪಠ್ಯಕ್ಕೆ, ಅದೇ ಆದೇಶ 27 ಎನ್ನುತ್ತಿತ್ತು. ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕಾಗುವುದೇ ಕಾರಣ. ಇಂಗ್ಲಿಷ್ ಅಕ್ಷರಮಾಲೆಯ ಪಠ್ಯಕ್ಕೆ ಈ ಮೂರು ಎಣಿಕೆಗಳೂ ಒಂದೇ ಆಗುತ್ತವೆ. ಆದಕಾರಣ ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಕಾಣದ ತೊಡಕು ಕನ್ನಡದಲ್ಲಿ ಐದು, ಒಂಬತ್ತು, ಇಪ್ಪತ್ತೇಳು ಎಂದು ಬಯಲಾಗುತ್ತದೆ. ಪದದ ಸರಾಸರಿ ಉದ್ದವನ್ನು ಹೇಳುವ ಯಾವ ಪ್ರಬಂಧವೂ ಇವುಗಳಲ್ಲಿ ತಾನು ಎಣಿಸಿದ್ದು ಯಾವುದೆಂದು ಹೇಳದೆ ಅರ್ಥಪೂರ್ಣವಾಗದು.

ಎರಡನೆಯ ತೊಡಕು ಒಂದೇ ರೂಪಕ್ಕೆ ಇರುವ ಎರಡು ಸಂಕೇತಗಳದು. ‘ಗುಂಡ್ಲುಪೇಟೆ’ಯ ಏಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಮೊದಲನೆಯದರಲ್ಲಿ ಹೆಸರಿನ ಉದ್ದ 11, ಎರಡನೆಯದರಲ್ಲಿ 12. ತೆರೆಯ ಮೇಲೆ ಎರಡೂ ಒಂದೇ. ಹುಡುಕಾಟದಲ್ಲಿ ಒಂದು ಇನ್ನೊಂದನ್ನು ಕಾಣುವುದಿಲ್ಲ. ಓಕಾರದ ಚಿಹ್ನೆಗೆ ಪೂರ್ಣ ವಿಭಜನೆಯಲ್ಲಿ ಮೂರು ಸಂಕೇತಗಳು. ಪಠ್ಯವನ್ನು ಒಂದೇ ರೂಪಕ್ಕೆ ತರುವ ಪ್ರಮಾಣೀಕರಣವನ್ನು ಎಣಿಕೆಗೆ ಮೊದಲು ಮಾಡಿದರೆ ಈ ತೊಡಕು ನೀಗುತ್ತದೆ. ಆದರೆ ‘ನೋಟ್‌ಬುಕ್’ ಎಂಬ ಪದದಲ್ಲಿ ಟಕಾರ ಬಕಾರಗಳು ಒತ್ತಾಗಿ ಕೂಡದಂತೆ ನಡುವೆ ಇರಿಸುವ ಕಾಣದ ಸಂಕೇತವು ಪ್ರಮಾಣೀಕರಣಕ್ಕೂ ಜಗ್ಗುವುದಿಲ್ಲ. ಅದಿದ್ದರೆ ಪದದ ಉದ್ದ 9, ಇಲ್ಲದಿದ್ದರೆ 8. ಅದನ್ನು ತೆಗೆಯಬೇಕೇ ಉಳಿಸಬೇಕೇ ಎಂಬುದನ್ನು ಸಂಶೋಧಕರೇ ನಿರ್ಧರಿಸಿ ಬರೆದಿಡಬೇಕು.

ಮೂರನೆಯದು ೞಕಾರದ ಕಥೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ದಶಮಾನ ಎಣಿಕೆಯಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳಿವೆ. ಅವುಗಳಲ್ಲಿ 3294ನೆಯದು ೞ. ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’ ಎಂದು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಲಾಗಿದೆ. ಇಂದಿಗೂ ನೋಟ್‌ಬುಕ್ಕಿನಲ್ಲಿ ಈ ಅಕ್ಷರದ ಹೆಸರು ಕೇಳಿದರೆ ಫಕಾರದ ಹೆಸರೇ ಬರುತ್ತದೆ. ಕನ್ನಡ ಧ್ವನಿಚರಿತ್ರೆಯಲ್ಲಿ ಅತ್ಯಂತ ಹೆಚ್ಚು ಚರ್ಚೆಗೊಳಗಾದ ವ್ಯಂಜನಗಳಲ್ಲಿ ಒಂದನ್ನು ಹೆಸರಿನಿಂದ ಹುಡುಕಿ ಪಟ್ಟಿ ಮಾಡುವ ಸಂಶೋಧಕ ವಿದ್ಯಾರ್ಥಿಗೆ ಇದು ತಿಳಿದಿರಬೇಕಾದ ಸಂಗತಿ.

ನಾಲ್ಕನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಕಲ್ಲಿಗೂ ಮುದ್ರಿತ ಪಾಠಕ್ಕೂ ನಡುವಿನ ಅಂತರ. ಹಳೆಯ ಕನ್ನಡ ಲಿಪಿಯಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಸಾಮಾನ್ಯವಾಗಿ ಬೇರೆ ಬೇರೆ ಚಿಹ್ನೆಗಳಿರಲಿಲ್ಲ. ಇಂದು ನಾವು ಬಳಸುವ ದೀರ್ಘದ ಚಿಹ್ನೆ ಈ ಸ್ವರಗಳಿಗೆ ನೆಲೆಯಾದದ್ದು ಬಹಳ ಈಚೆಗೆ. ಅಚ್ಚಿನ ಸಂಪುಟದಲ್ಲಿ ಏಕಾರವಿದ್ದರೆ ಹೆಚ್ಚಿನ ವೇಳೆ ಅದು ವ್ಯುತ್ಪತ್ತಿ, ಛಂದಸ್ಸು ಅಥವಾ ಇಂದಿನ ಉಚ್ಚಾರಣೆಯನ್ನು ನೋಡಿ ಸಂಪಾದಕರು ಮಾಡಿದ ನಿರ್ಣಯ. ಯೂನಿಕೋಡ್‌ನಲ್ಲಿ ಅದೇ ದೀರ್ಘವು 3285ನೆಯ ಸ್ಥಾನದಲ್ಲಿ ಪ್ರತ್ಯೇಕ ಸಂಕೇತವಾಗಿಯೂ ಇದೆ. ಆದುದರಿಂದ ಶಾಸನಪಠ್ಯದಲ್ಲಿ ಏಕಾರಗಳನ್ನು ಎಣಿಸುವ ನೋಟ್‌ಬುಕ್ ಬಹುಮಟ್ಟಿಗೆ ಎಣಿಸುತ್ತಿರುವುದು ಸಂಪಾದಕರ ನಿರ್ಣಯಗಳನ್ನೇ. 1898ರ ಪಾಠವನ್ನು ಎಣಿಸಿದರೆ ಒಬ್ಬ ಸಂಪಾದಕರ, 1974ರ ಪಾಠವನ್ನು ಎಣಿಸಿದರೆ ಇನ್ನೊಂದು ಮಂಡಳಿಯ ನಿರ್ಣಯ. ಊರಿನ ಹೆಸರನ್ನು ಕಲ್ಲಿನಲ್ಲಿ ಅನುಸ್ವಾರವಿಟ್ಟು ಬರೆದಿದೆಯೋ ಮಕಾರದ ಒತ್ತಕ್ಷರದಿಂದ ಬರೆದಿದೆಯೋ ಎಂಬುದೂ ಇದೇ ಬಗೆಯದು. ಎರಡನೆಯ ರೂಪದಲ್ಲಿ ‘ತೆರಕಣಾಮ್ಬಿ’ಯ ಉದ್ದ ಹತ್ತಾಗುತ್ತದೆ. ಎರಡು ರೂಪಗಳನ್ನು ಒಂದೆಂದು ಎಣಿಸಬೇಕೇ ಎಂಬುದು ಭಾಷಾವಿಜ್ಞಾನದ ಪ್ರಶ್ನೆ. ಅದಕ್ಕೆ ಉತ್ತರ ಯಂತ್ರದ ಬಳಿ ಇಲ್ಲ.

7. ಹಾಳೆಯ ಮೇಲಿನ ಕ್ರಮ, ಚಲಾಯಿಸಿದ ಕ್ರಮ

ನೋಟ್‌ಬುಕ್ಕಿನ ಕೋಶಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಚಲಾಯಿಸಬಹುದು. ಮೊದಲ ಕೋಶದಲ್ಲಿ ೞಕಾರವನ್ನು ಳಕಾರದೊಡನೆ ಸೇರಿಸಿ ಎಣಿಸುವ ನಿಯಮ ಬರೆದು ಚಲಾಯಿಸಿ, ಆಮೇಲೆ ಆ ಕೋಶವನ್ನು ಅಳಿಸಿದರೂ ನಿಯಮವು ಕರ್ನೆಲಿನ ನೆನಪಿನಲ್ಲಿ ಉಳಿದಿರುತ್ತದೆ. ಹಾಳೆಯಲ್ಲಿ ಕಾಣುವ ಫಲಿತಕ್ಕೆ ಹಾಳೆಯಲ್ಲಿ ಇಲ್ಲದ ನಿಯಮ ಕಾರಣವಾಗಿರುತ್ತದೆ. ಪ್ರತಿ ಕೋಶದ ಪಕ್ಕದಲ್ಲಿರುವ ಸಂಖ್ಯೆಯು ಚಲಾಯಿಸಿದ ಕ್ರಮವನ್ನು ಹೇಳುತ್ತದೆಯಾದರೂ, ಅಳಿಸಿದ ಕೋಶದಲ್ಲಿ ಏನಿತ್ತೆಂದು ಅದು ಹೇಳದು. ಕಡತವನ್ನು ಒರೆಸಿದ ಮೇಲೆ ಉಳಿಯುವ ಮಸುಕು ಗುರುತಾದರೂ ಇಲ್ಲಿ ಉಳಿಯುವುದಿಲ್ಲ.

ಈ ಆತಂಕ ಕಲ್ಪಿತವಲ್ಲ. 2019ರಲ್ಲಿ ಜೊಆವ್ ಫೆಲಿಪೆ ಪಿಮೆಂಟೆಲ್ ಮತ್ತು ಸಂಗಡಿಗರು ಸಾರ್ವಜನಿಕವಾಗಿ ದೊರೆಯುವ ಸುಮಾರು ಹದಿನಾಲ್ಕು ಲಕ್ಷ ಜುಪಿಟರ್ ನೋಟ್‌ಬುಕ್ಕುಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದರು. ಅವರು ಮರಳಿ ಚಲಾಯಿಸಲು ಪ್ರಯತ್ನಿಸಿದವುಗಳಲ್ಲಿ ದೋಷವಿಲ್ಲದೆ ಕೊನೆ ಮುಟ್ಟಿದವು ಶೇಕಡ 24ರಷ್ಟು. ಮೊದಲಿನ ಫಲಿತವನ್ನೇ ಕೊಟ್ಟವು ಶೇಕಡ 4ರಷ್ಟು ಮಾತ್ರ. ಆ ನೋಟ್‌ಬುಕ್ಕುಗಳಲ್ಲಿ ಹಲವು ಅಭ್ಯಾಸಕ್ಕಾಗಿ ಬರೆದ ಕರಡುಗಳಿರಬಹುದು. ಆದರೂ ಮರಳಿ ಚಲಾಯಿಸಬಲ್ಲದ್ದೆಂಬ ಖ್ಯಾತಿಯ ಸಾಧನದ ವಾಸ್ತವ ಇದು. ಇಲ್ಲಿ ತಪ್ಪು ನೋಟ್‌ಬುಕ್ಕಿನದಲ್ಲ. ಯೋಚಿಸುವಾಗ ಅಳಿಸಿ ಬರೆಯಲು ಸಾಧ್ಯವಾಗಬೇಕು. ಆ ಸೌಲಭ್ಯಕ್ಕಾಗಿಯೇ ಶಾನುಭೋಗನು ಕಡತವನ್ನು ಮೆಚ್ಚಿದ್ದು. ತೊಡಕು ಬರುವುದು ಕಡತವನ್ನು ಶಾಸನವೆಂದು ಓದುಗರ ಮುಂದಿಟ್ಟಾಗ.

8. ಶಾಸನಕ್ಕೆ ತಕ್ಕ ಒಕ್ಕಣೆ

ಹಾಗಾದರೆ ನೋಟ್‌ಬುಕ್ಕೊಂದು ಯಾವಾಗ ಉಲ್ಲೇಖಾರ್ಹ ದಾಖಲೆಯಾಗುತ್ತದೆ? ಮೇಲಿನ ಚರಿತ್ರೆಯಿಂದ ಕನ್ನಡ ಪಠ್ಯಗಳ ಅಧ್ಯಯನಕ್ಕೆ ಐದು ಕರಾರುಗಳು ಹೊರಡುತ್ತವೆ ಎಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಪ್ರತಿ ಪಠ್ಯದೊಡನೆ ಆವೃತ್ತಿ, ಸಂಪುಟ, ತಾಲೂಕು, ಶಾಸನಸಂಖ್ಯೆ, ಸಾಲಿನ ಸಂಖ್ಯೆಗಳು ಇರಬೇಕು. ಗುಂಡ್ಲುಪೇಟೆ ತಾಲೂಕು ಹಳೆಯ ಸರಣಿಯಲ್ಲಿ ನಾಲ್ಕನೆಯ, ಹೊಸ ಸರಣಿಯಲ್ಲಿ ಮೂರನೆಯ ಸಂಪುಟದಲ್ಲಿರುವುದರಿಂದ ಕೇವಲ ಸಂಪುಟಸಂಖ್ಯೆ ಹೇಳಿದರೆ ಗೊಂದಲವೇ ಹೆಚ್ಚು. ಎರಡನೆಯದಾಗಿ, ಕಲ್ಲಿನಲ್ಲಿ ಕಾಣುವ ಅಕ್ಷರವನ್ನೂ ಸಂಪಾದಕರು ತುಂಬಿದ ಅಕ್ಷರವನ್ನೂ ಬೇರ್ಪಡಿಸುವ ಗುರುತುಗಳನ್ನು ಪಠ್ಯ ಶುದ್ಧೀಕರಣದ ಹೆಸರಿನಲ್ಲಿ ಕಳೆಯಬಾರದು. ಮುದ್ರಿತ ಸಂಪುಟದ ಆವರಣ ಚಿಹ್ನೆಗಳು ಕಸವಲ್ಲ, ಸಾಕ್ಷ್ಯ. ಮೂರನೆಯದಾಗಿ, ಪ್ರಮಾಣೀಕರಣದ ರೂಪ, ಕಾಣದ ಸಂಕೇತಗಳ ವಿಲೇವಾರಿ, ಎಣಿಕೆಯ ಘಟಕ ಇವು ಮೊದಲ ಕೋಶದಲ್ಲಿಯೇ ಗದ್ಯದಲ್ಲಿ ಬರೆಯಲ್ಪಡಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಿಂದ ಪರಿವರ್ತಿಸಿದ ಪಠ್ಯವಾದರೆ ಅದನ್ನೂ ಹೇಳಬೇಕು. ನಾಲ್ಕನೆಯದಾಗಿ, ತಂತ್ರಾಂಶಗಳ ಆವೃತ್ತಿಗಳ ಪಟ್ಟಿ ಇರಬೇಕು. 27 ಮತ್ತು 9ರ ನಡುವಿನ ವ್ಯತ್ಯಾಸ ಆವೃತ್ತಿಯೊಂದರದೇ ಆಗಿತ್ತೆಂಬುದನ್ನು ನೆನೆಯಬೇಕು. ಐದನೆಯದಾಗಿ, ಒಪ್ಪಿಸುವ ಮುನ್ನ ಕರ್ನೆಲನ್ನು ಹೊಸದಾಗಿ ಆರಂಭಿಸಿ ಎಲ್ಲ ಕೋಶಗಳನ್ನೂ ಮೇಲಿನಿಂದ ಕೆಳಕ್ಕೆ ಒಮ್ಮೆ ಚಲಾಯಿಸಬೇಕು. ಬಂದ ಫಲಿತಗಳೊಡನೆ ನೋಟ್‌ಬುಕ್ಕನ್ನೂ ಅದರ ಮುದ್ರಿತ ಪ್ರತಿಯನ್ನೂ ಗ್ರಂಥಾಲಯದಲ್ಲಿ ಇಡಬೇಕು. ಸರ್ವರ್ ಮುಚ್ಚಿದರೂ ಮುದ್ರಿತ ಪ್ರತಿ ಓದಲು ಸಿಗುತ್ತದೆ. ಮುದ್ರಿತ ಪ್ರತಿಯಲ್ಲಿ ಸಂದೇಹ ಬಂದರೆ ನೋಟ್‌ಬುಕ್ ಪರೀಕ್ಷೆಗೆ ಒದಗುತ್ತದೆ.

ಇವುಗಳಲ್ಲಿ ಮೊದಲ ಎರಡು ಕರಾರುಗಳನ್ನು ನರಸಿಂಹಯ್ಯ, ಗಾಯಿ ಅವರಂತಹ ವಿದ್ವಾಂಸರ ಪರಂಪರೆ ನಮಗೆ ಈಗಾಗಲೇ ಕಲಿಸಿದೆ. ಉಳಿದ ಮೂರು ಆ ಪರಂಪರೆಯದೇ ಮುಂದುವರಿಕೆ. ಪ್ರೌಢಪ್ರಬಂಧಗಳನ್ನು ಪರೀಕ್ಷಿಸುವವರು ಸಂಖ್ಯೆಗಳ ಕೋಷ್ಟಕವನ್ನು ಮಾತ್ರ ನೋಡಿ ತೃಪ್ತರಾಗದೆ ನೋಟ್‌ಬುಕ್ಕನ್ನು ಕೇಳಿ ಪಡೆದು, ತಮ್ಮ ಯಂತ್ರದಲ್ಲಿ ಒಮ್ಮೆ ಚಲಾಯಿಸಿ ನೋಡುವ ರೂಢಿ ಬರಬೇಕು. ಇದಕ್ಕೆ ದೊಡ್ಡ ವೆಚ್ಚವಿಲ್ಲ. ಸಾಧನಗಳು ಮುಕ್ತವಾಗಿವೆ, ಒಂದು ಸಾಮಾನ್ಯ ಯಂತ್ರ ಸಾಕು.

9. ಉಪಸಂಹಾರ

ನೋಟ್‌ಬುಕ್ಕಿನ ಚರಿತ್ರೆಯನ್ನು ಸಾಮಾನ್ಯವಾಗಿ ಗಣಿತ ಮತ್ತು ವಿಜ್ಞಾನಗಳ ಸಾಧನವೊಂದರ ಬೆಳವಣಿಗೆಯಾಗಿ ಹೇಳುತ್ತಾರೆ. ಕನ್ನಡ ಶಾಸನಪಠ್ಯಗಳ ಕಡೆಯಿಂದ ನೋಡಿದಾಗ ಅದು ಪಠ್ಯ ಸಂಪಾದನೆಯ ಚರಿತ್ರೆಯ ಭಾಗವಾಗಿ ಕಾಣುತ್ತದೆ. ಕಲ್ಲಿನಲ್ಲಿ ಬರೆದವನ ಮತ್ತು ಕಂಡರಿಸಿದವನ ನಿರ್ಣಯ, ಸಂಪುಟದಲ್ಲಿ ಸಂಪಾದಕರ ನಿರ್ಣಯ, ಯೂನಿಕೋಡ್‌ನಲ್ಲಿ ಸಂಕೇತ ರೂಪಿಸಿದವರ ನಿರ್ಣಯ, ಕೊನೆಗೆ ನೋಟ್‌ಬುಕ್ ಚಲಾಯಿಸುವ ಸಂಶೋಧಕರ ನಿರ್ಣಯ, ಇವು ಒಂದರ ಮೇಲೊಂದು ಕೂಡಿ ಒಂದು ಸಂಖ್ಯೆಯಾಗುತ್ತವೆ. ಮೊದಲ ಮೂರು ನಿರ್ಣಯಗಳನ್ನು ಮಾಡಿದವರನ್ನು ನಾವು ಹೆಸರಿಸಬಲ್ಲೆವು, ಪ್ರಶ್ನಿಸಬಲ್ಲೆವು. ನಾಲ್ಕನೆಯದಕ್ಕೂ ಅಷ್ಟೇ ಹೊಣೆಗಾರಿಕೆ ಇರಬೇಕು.

ತೆರಕಣಾಂಬಿಯ ಕಲ್ಲುಗಳನ್ನು ರೈಸ್ ಓದಿದರು, ಮೈಸೂರಿನ ಸಂಪಾದಕರು ಮರಳಿ ಓದಿದರು. ಎರಡನೆಯ ಓದು ಸಾಧ್ಯವಾದದ್ದು ಮೊದಲನೆಯ ಓದಿನ ದಾಖಲೆ ಉಳಿದಿದ್ದರಿಂದ. ಮೂರನೆಯ ಓದನ್ನು ಇಂದಿನ ಸಂಶೋಧಕ ವಿದ್ಯಾರ್ಥಿಗಳು ಬ್ರೌಸರಿನಲ್ಲಿ ಮಾಡುತ್ತಿದ್ದಾರೆ. ನಾಲ್ಕನೆಯ ಓದಿಗೆ ಅವರು ಏನನ್ನು ಬಿಟ್ಟುಹೋಗುತ್ತಾರೆ ಎಂಬುದು ಇಂದು ಅವರು ತಮ್ಮ ಮೊದಲ ಕೋಶದಲ್ಲಿ ಏನು ಬರೆಯುತ್ತಾರೆ ಎಂಬುದನ್ನು ಅವಲಂಬಿಸಿದೆ.